ಹಾಳೆ ತಿರುಗುವ ಸದ್ದು

ಜೂನ್ 8, ಭಾನುವಾರ

ಸ್ಪೀಕರುಗಳ ಸ್ನಾನ ಮುಗಿಯಿತು. ಮಗಳು ಇಟ್ಟ ಹೆಸರು ಅದು. ಭಾನುವಾರ ಕಾಫಿಯಾದ ಮೇಲೆ ಇವರು ನಡುಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮೆತ್ತನೆಯ ಬ್ರಷ್ ಹಿಡಿದು ಎರಡೂ ಸ್ಪೀಕರುಗಳ ಧೂಳು ತೆಗೆಯುತ್ತಾರೆ. ಕೂಸಿನ ಕಿವಿ ಒರೆಸಿದ ಹಾಗೆ. ಮೇಲಿನ ಪುಟ್ಟ ಗುಮ್ಮಟಕ್ಕೆ ಬ್ರಷ್ಷೂ ಇಲ್ಲ, ಬರೀ ಉಸಿರು. ಅದು ಟ್ವೀಟರ್. ತೆಳ್ಳನೆಯ ಸದ್ದೆಲ್ಲ ಅದರ ಪಾಲು. ಬಲು ಸೂಕ್ಷ್ಮ — "ನಿನ್ನ ಥರ" ಎನ್ನುತ್ತಾರೆ. ಹೊಗಳಿಕೆಯೋ ದೂರೋ, ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.

ಇವತ್ತು ಒಂದು ಬದಲಾವಣೆ. ಸ್ಪೀಕರುಗಳಿಗೆ ಬಲ ಕೊಡುವ ನಮ್ಮ ದೊಡ್ಡ ಆಂಪ್ಲಿಫಯರ್ ಫೋಟೋ ಸ್ಟುಡಿಯೋದವರ ಮನೆಗೆ ಹೋಗಿದೆ. ಅವರದು ಕೆಟ್ಟಿದೆ, ರಿಪೇರಿಯಾಗುವ ತನಕ ಇರಲಿ ಎಂದು ಕೊಟ್ಟುಬಂದರು. ನಮಗೆ ಇವರ ಅಂಗಡಿಯ ಕಪಾಟಿನಲ್ಲಿ ಕೂತಿದ್ದ ಒಂದು ಪುಟಾಣಿ. ಊರೆಲ್ಲ ಹೋಂ ಥಿಯೇಟರ್ ಕೂರಿಸುವವರ ಮನೆಯ ಪರಿಸ್ಥಿತಿ ಇದು.

"ಸಾಕಾಗುತ್ತಾ ಇದು?"

"ಮೆಲ್ಲಗೆ ಕೇಳೋರಿಗೆ ಧಾರಾಳ."

ಜೋಡಿಸಿದ ಮೇಲೆ ಎಂದಿನಂತೆ ನನ್ನ ದನಿ ಹಾಕಿದರು. ಮದುವೆಯಾದ ವರ್ಷ, ಇವರು ರೆಕಾರ್ಡಿಂಗ್ ಸ್ಟುಡಿಯೋದಲ್ಲಿದ್ದಾಗ, ನಾನು ಓದಿದ ಒಂದು ಕವಿತೆ. ನಡುವೆ ಪುಟ ಮುಗಿದು ಹಾಳೆ ತಿರುಗಿಸುತ್ತೇನೆ. ಅದನ್ನು ಕತ್ತರಿಸಿ ತೆಗೆಯಿರಿ ಎಂದಿದ್ದೆ. ತೆಗೆಯಲಿಲ್ಲ. ಅಂದಿನಿಂದ ಯಾರ ಮನೆಯಲ್ಲಿ ಸ್ಪೀಕರ್ ಕೂರಿಸಿದರೂ ಮೊದಲು ಹಾಕುವುದು ಅದನ್ನೇ. ಹಾಳೆ ಸರಿಯಾಗಿ ತಿರುಗಿದರೆ ಸಿಸ್ಟಮ್ ಸರಿ ಇದೆ ಎಂದು ಲೆಕ್ಕ. ನಾನು ಕಾಲಿಡದ ಎಷ್ಟೋ ಮನೆಗಳಲ್ಲಿ ನನ್ನ ದನಿ ಓಡಾಡಿದೆ. ಒಮ್ಮೆ ಔಷಧದಂಗಡಿಯಲ್ಲಿ "ಕೆಮ್ಮಿಗೆ ಏನಾದ್ರೂ ಕೊಡಿ" ಎಂದಾಗ ಪಕ್ಕದಲ್ಲಿದ್ದವರು, "ನೀವು ಆ ಕವಿತೆ ಓದೋರಲ್ವಾ?" ಎಂದಿದ್ದರು.

ಜೂನ್ 11, ಬುಧವಾರ

ಊಟದ ಮೇಜಿನಲ್ಲಿ ಪ್ರೆಸ್ಸಿನ ಕರಡು ತಿದ್ದುತ್ತಿದ್ದೆ. ಇವರು ಫೋನಿನಲ್ಲಿ ಯಾರಿಗೋ ಪಾಠ. ನನಗೆ ಕಂಠಪಾಠವಾಗಿರುವ ಪಾಠ.

"ದೊಡ್ಡ ಆಂಪ್ಲಿಫಯರ್‌ಗೆ ಯಾಕ್ ಸರ್ ಹೆದರ್ತೀರಾ? ಸ್ಪೀಕರ್ ನೂರು ವ್ಯಾಟ್ದು ಅಂದ್ರೆ ಇದು ನೂರೈವತ್ತೇ ಇರ್ಲಿ. ಶಕ್ತಿ ಇರೋನು ಮೆಲ್ಲಗೆ ಮಾತಾಡಿದ್ರೂ ಕೇಳುತ್ತೆ. ಇಪ್ಪತ್ತು ವ್ಯಾಟ್ದು ತಂದು ಕಿರುಚಿಸಿದ್ರೆ ಅದರ ಗಂಟಲು ಒಡೆಯುತ್ತೆ. ಆ ಒಡಕು ಸದ್ದೇ ಟ್ವೀಟರ್ನ ಸುಡೋದು. ಇವು ಸಾಯೋದು ಬಲ ಜಾಸ್ತಿಯಾಗಿ ಅಲ್ಲ ಸರ್, ಬಲ ಇಲ್ದೋರು ಕೂಗಿ ಕೂಗಿ."

ಕವಿಗಳು ಇದನ್ನು ಬರೆದಿಲ್ಲವಲ್ಲ ಎನ್ನಿಸುತ್ತದೆ, ಪ್ರತಿ ಸಲ.

ಸಂಜೆ ಇವರೇ ಸಿನಿಮಾ ಹಾಕಿದರು. ಪುಟಾಣಿಯ ಗುಂಡಿ ಅರ್ಧ ದಾಟಿತು. ಮುಕ್ಕಾಲೂ ದಾಟಿತು. ನಾನು ಸುಮ್ಮನೆ ನೋಡಿದೆ... ಸುಸ್ತಾಗಿರಬೇಕು, ಪಾಪ.

ಜೂನ್ 13, ಶುಕ್ರವಾರ

ಮೆಟ್ಟಿಲ ಮೇಲೆ ಮಹಡಿಯ ನರ್ಸಮ್ಮ ಸಿಕ್ಕರು. ರಿಟೈರಾದ ಮೇಲೆ ಅವರ ನಾಲಿಗೆ ಇನ್ನೂ ಚುರುಕಾಗಿದೆ.

"ಮೊನ್ನೆ ಸಿನಿಮಾ ಚೆನ್ನಾಗಿತ್ತಮ್ಮ. ಕೊಲೆ ಮಾಡಿದ್ದು ಅಳಿಯ ಅಂತ ನಂಗೆ ಮೊದ್ಲೇ ಅನುಮಾನ. ನಾಳೆಯಿಂದ ಚಿತ್ರಾನೂ ಮೇಲಕ್ಕೆ ಕಳ್ಸು, ಬರೀ ಸೌಂಡ್ ಸಾಲ್ದು."

ನಕ್ಕು ಬಂದೆ. ಒಳಗೆ ಬಂದ ಮೇಲೆ ನಗು ನಿಲ್ಲಲಿಲ್ಲ, ಆದರೆ ತೆಳ್ಳಗಾಯಿತು. ಈಚೆಗೆ ಇವರು "ಏನಂದೆ?" ಎನ್ನುವುದೂ ಕಡಿಮೆಯಾಗಿದೆ. ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ.

ಜೂನ್ 22, ಭಾನುವಾರ

ಸ್ನಾನ ಆಯಿತು. ಕವಿತೆ ಹಾಕಿದರು. ನಾನು ಬಟ್ಟೆ ಮಡಿಸುತ್ತಿದ್ದೆ.

ನನ್ನ ದನಿ ಕಂಬಳಿಯ ಒಳಗಿನಿಂದ ಬಂದ ಹಾಗಿತ್ತು. ಮೊದಲ ಭಾಗ ಮುಗಿಯಿತು. ಈಗ ಹಾಳೆ... ಇಲ್ಲ. ಒಂದು ಖಾಲಿ ಜಾಗ. ಆಮೇಲೆ ಮತ್ತೆ ನನ್ನ ದನಿ, ಕಂಬಳಿಯೊಳಗಿನಿಂದ.

ಇವರು ಕಣ್ಣು ಮುಚ್ಚಿ ಗೋಡೆಗೊರಗಿ ಕೂತಿದ್ದರು. ಮುಖದಲ್ಲಿ ಅದೇ ಹಳೆಯ ನಗು.

"ಕೇಳಿದ್ಯಾ? ಪುಟಾಣಿ ಆದ್ರೂ ಹಾಳೆ ಎಷ್ಟು ಚೆನ್ನಾಗಿ ತಿರುಗಿಸ್ತು ನೋಡು."

ಕೈಯಲ್ಲಿದ್ದ ಅಂಗಿಯನ್ನು ಮಡಿಸಿದೆ. ಬಿಚ್ಚಿದೆ. ಮತ್ತೆ ಮಡಿಸಿದೆ.

"ಹೂಂ" ಎಂದೆ.

ಜೂನ್ 23, ಸೋಮವಾರ

ಇವರು ಅಂಗಡಿಗೆ, ಮಗಳು ಕಾಲೇಜಿಗೆ. ನಾನೇ ಹಾಕಿ ನೋಡಿದೆ. ಸ್ಪೀಕರಿನ ಎದುರು ಮಂಡಿಯೂರಿ ಕಿವಿಯನ್ನು ಗುಮ್ಮಟದ ಹತ್ತಿರಕ್ಕೊಯ್ದೆ. ಬಲಗಡೆಯದು ಮೂಕ. ಎಡಗಡೆಯದೂ ಮೂಕ. ಎರಡೂ ಸುಟ್ಟಿವೆ. ಕೆಳಗಿನ ದೊಡ್ಡ ಬಟ್ಟಲು ಒಂದೇ ಮನೆಯ ಭಾರ ಹೊತ್ತು ಗುಂಯ್ ಎನ್ನುತ್ತಿದೆ.

ಪುಟಾಣಿಯನ್ನು ಕಿರುಚಿಸಿದ್ದಾರೆ. ಊರಿಗೆಲ್ಲ ಬೇಡ ಎನ್ನುವುದನ್ನೇ ಮನೆಯಲ್ಲಿ ಮಾಡಿದ್ದಾರೆ. ಗಂಟಲು ಒಡೆದದ್ದು ಇವರಿಗೆ ಕೇಳಲಿಲ್ಲ. ಕೇಳಲಿಲ್ಲವೆಂದು ಇನ್ನಷ್ಟು ತಿರುಗಿಸಿದ್ದಾರೆ.

ಹಾಳೆಯ ಸದ್ದನ್ನು ಮಾತ್ರ ಕೇಳಿದರು. ನೆನಪಿನಿಂದ.

ಹೇಗೆ ಹೇಳಲಿ? ಕಿವಿ ಇವರಿಗೆ ಬರೀ ಕಿವಿಯಲ್ಲ. ಅನ್ನ ಅದು, ಹೆಸರು ಅದು. ಹೇಳದಿದ್ದರೆ ನಾಳೆ ಯಾರ ಮನೆಯಲ್ಲಿ ಏನು ಸುಡುತ್ತದೋ. ಹೇಳಿದರೆ, ನಮ್ಮ ಮನೆಯಲ್ಲಿ.

ಜೂನ್ 26, ಗುರುವಾರ

ಮಗಳು ತರಕಾರಿ ಹೆಚ್ಚುತ್ತಾ ತಟ್ಟನೆ ಹೇಳಿದಳು: "ಅಮ್ಮಾ, ಅಪ್ಪಂಗೆ ಕಿವಿ ಕೇಳಿಸ್ತಿಲ್ಲ."

"ಶ್, ಮೆಲ್ಲಗೆ."

"ಮೆಲ್ಲಗೆ ಯಾಕೆ? ಅದೇ ತಾನೆ ನಾನ್ ಹೇಳ್ತಿರೋದು!"

ಇಬ್ಬರಿಗೂ ನಗು ಬಂತು. ಆಮೇಲೆ ಅವಳ ಕಣ್ಣು ಒದ್ದೆಯಾಯಿತು. ಈರುಳ್ಳಿ ಎಂದಳು. ಹೆಚ್ಚುತ್ತಿದ್ದದ್ದು ಬೀನ್ಸ್.

"ನೀನ್ ಹೇಳ್ಬೇಕಮ್ಮ. ನಾನ್ ಹೇಳಿದ್ರೆ ಜೋಕ್ ಮಾಡಿ ಹಾರಿಸ್ಬಿಡ್ತಾರೆ."

ಜೂನ್ 30, ಸೋಮವಾರ

ಹಲ್ಲಿನ ಡಾಕ್ಟರ್ ನನಗೆ ಫೋನ್ ಮಾಡಿದರು. ಹೋದ ವಾರ ಇವರು ಅವರ ಹೊಸ ಮನೆಯಲ್ಲಿ ಹೋಂ ಥಿಯೇಟರ್ ಕೂರಿಸಿದ್ದಾರೆ. ಒಳ್ಳೆಯ ಮನುಷ್ಯ, ದೂರುವುದಕ್ಕೂ ಸಂಕೋಚ.

"ಮೇಡಮ್, ಸರ್ ಫೋನ್ ಎತ್ತುತ್ತಿಲ್ಲ... ಏನಿಲ್ಲ, ಎಲ್ಲಾ ಚೆನ್ನಾಗಿದೆ. ಆದ್ರೆ ಸದ್ದು ಚುಚ್ಚುತ್ತೆ. ನಮ್ಮಮ್ಮ ಕಿವಿಗೆ ಹತ್ತಿ ಇಟ್ಕೊಂಡು ಟೀವಿ ನೋಡ್ತಾರೆ. ನನ್ನ ಡ್ರಿಲ್ಲೇ ಇದಕ್ಕಿಂತ ಮೆತ್ತಗಿದೆ ಅಂತಾರೆ."

ತೆಳ್ಳನೆಯ ಸದ್ದು ತನಗೆ ಕೇಳುವ ತನಕ ಏರಿಸಿದ್ದಾರೆ ಇವರು. ಹೀಗೇ ಬಿಟ್ಟರೆ ಆ ಟ್ವೀಟರೂ ಹೋಗುತ್ತದೆ. ಆಮೇಲೆ ಮಾತು ಹಬ್ಬುತ್ತದೆ.

"ಬರ್ತಾರೆ ಡಾಕ್ಟ್ರೇ, ಸರಿ ಮಾಡ್ತಾರೆ. ಅಲ್ಲೀತನಕ ಹಾಕ್ಬೇಡಿ" ಎಂದೆ.

ಜುಲೈ 1, ಮಂಗಳವಾರ. ಸಂಜೆ

ಹೇಳಿದೆ. ಅಲ್ಲ — ಹೇಳಲಾಗಲಿಲ್ಲ. ಹೀಗೆಂದೆ:

"ಒಂದ್ಸಲ ಟ್ವೀಟರ್‌ಗೆ ಮೀಟರ್ ಹಿಡಿದು ನೋಡ್ತೀರಾ?"

"ಯಾಕೆ?"

"ಸುಮ್ನೆ. ನನಗೋಸ್ಕರ."

ನಕ್ಕರು. ಹೆಂಡತಿ ಎಂಜಿನಿಯರ್ ಆದಳು ಎಂದರು. ಸ್ಕ್ರೂ ಬಿಚ್ಚಿ, ವೈರ್ ಕಳಚಿ, ಮೀಟರಿನ ಎರಡು ಕಡ್ಡಿ ತಾಗಿಸಿದರು. ಒಳಗಿನ ತಂತಿ ಸರಿಯಿದ್ದರೆ ಅಂಕಿ ಮೂಡಬೇಕು; ಮೀಟರ್ ಏನೂ ತೋರಿಸಲಿಲ್ಲ. ಕಡ್ಡಿ ಒರೆಸಿ ಮತ್ತೆ ಹಿಡಿದರು. ಏನೂ ಇಲ್ಲ. "ಇದರ ಸೆಲ್ ಹೋಗಿದೆ" ಎಂದು ಎದ್ದು ಹೊಸ ಸೆಲ್ ಹಾಕಿ ತಂದರು. ಆಗಲೂ ಇಲ್ಲ. ಇನ್ನೊಂದು ಸ್ಪೀಕರ್ ಬಿಚ್ಚಿದರು. ನಾನು ತಡೆಯಲಿಲ್ಲ.

ಮೀಟರನ್ನು ನೆಲಕ್ಕಿಟ್ಟರು.

"ಯಾವಾಗಿಂದ?"

"ಆವತ್ತು ಭಾನುವಾರ ಕವಿತೆ ಹಾಕಿದ್ರಲ್ಲ, ಅದಕ್ಕೂ ಮುಂಚೆ."

"ಹಾಳೆ..."

"ತಿರುಗ್ಲಿಲ್ಲ."

"ನಾನು ಕೇಳಿದೆ ಕಣೇ."

"ಗೊತ್ತು."

ಹತ್ತಿರ ಹೋಗಿ ಕೂತೆ. ಹಲ್ಲಿನ ಡಾಕ್ಟರ ಫೋನಿನ ವಿಷಯವನ್ನೂ ಹೇಳಿದೆ. ಒಂದು ಸಲಕ್ಕೆ ಇಷ್ಟು ಹೇಳಬಾರದಿತ್ತೇನೋ. ಇವರು ಸ್ಕ್ರೂಗಳನ್ನು ಒಂದೊಂದಾಗಿ ಹೆಕ್ಕಿ ಬಟ್ಟಲಿಗೆ ಹಾಕಿದರು. ಮೇಲೆದ್ದು ಪುಟಾಣಿಯ ಸ್ವಿಚ್ ಆರಿಸಿದರು.

ಜುಲೈ 3, ಗುರುವಾರ

ಮನೆಯಲ್ಲಿ ಸದ್ದಿಲ್ಲ.

ಜುಲೈ 14, ಸೋಮವಾರ

ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ಹೊಸ ಕೆಲಸ ಒಪ್ಪಿಕೊಳ್ಳುತ್ತಿಲ್ಲ. ಎರಡು ಭಾನುವಾರ ಸ್ನಾನವಿಲ್ಲದೆ ಕಳೆದವು. ಸ್ಪೀಕರುಗಳ ಮೇಲೆ ಧೂಳು. ಒರೆಸಲು ನನಗೆ ಧೈರ್ಯ ಬರಲಿಲ್ಲ.

ನರ್ಸಮ್ಮ ತಾವಾಗಿ ಕೆಳಗಿಳಿದು ಬಂದರು. "ಏನಮ್ಮ, ಒಂದು ಸಿನಿಮಾನೂ ಇಲ್ಲ? ನಂಗೆ ಮನೆ ಬಿಕೋ ಅಂತಿದೆ." ಬಾಗಿಲಲ್ಲೇ ಮೆಲ್ಲಗೆ ವಿಷಯ ಹೇಳಿದೆ. ಅವರು ತಮಾಷೆ ಮಾಡಲಿಲ್ಲ. ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವರ ನಂಬರ್ ಕೊಟ್ಟರು. ಅದನ್ನು ಇವರ ತಟ್ಟೆಯ ಪಕ್ಕ ಇಟ್ಟೆ. ಊಟ ಮುಗಿಯುವ ತನಕ ಮುಟ್ಟಲಿಲ್ಲ. ಕೈ ತೊಳೆದು ಬಂದು ಕೇಳಿದರು:

"ನೀನೂ ಬರ್ತೀಯಾ?"

ಜುಲೈ 17, ಗುರುವಾರ

ಗಾಜಿನ ಗೂಡು. ಒಳಗೆ ಇವರು, ಕೈಯಲ್ಲೊಂದು ಗುಂಡಿ. ಹೊರಗೆ ನಾನು ಮತ್ತು ಪರೀಕ್ಷೆ ಮಾಡುವಾಕೆ. ಸದ್ದು ಕೇಳಿದಾಗೆಲ್ಲ ಒತ್ತಬೇಕು. ದಪ್ಪ ಸದ್ದಿಗೆ ಚಕಚಕ ಒತ್ತಿದರು. ಸದ್ದು ತೆಳ್ಳಗಾದಂತೆ ತಡವಾಯಿತು. ಆಮೇಲೆ... ಬೆರಳು ಗುಂಡಿಯ ಮೇಲೆ ಸಿದ್ಧವಾಗಿ ಕಾಯುತ್ತಲೇ ಇತ್ತು. ಪರದೆಯ ಗೆರೆ ನೆಟ್ಟಗೆ ನಡೆದು ಬಂದು, ಮೆಟ್ಟಿಲು ತಪ್ಪಿದ ಹಾಗೆ ಕೆಳಗೆ ಬಿತ್ತು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ನನ್ನ ಬೆರಳೂ ಒತ್ತುತ್ತಿತ್ತು, ಸುಮ್ಮನೆ, ಚೀಲದ ಹಿಡಿಯನ್ನು.

ಹೊರಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು. ಆಕೆ ಕಡಲೆ ಬೀಜದಷ್ಟು ಪುಟ್ಟ ಕಿವಿ ಮಿಷನ್ ತೋರಿಸಿ, "ಇದೂ ಒಂದು ಆಂಪ್ಲಿಫಯರ್ ಸರ್" ಎಂದರು.

ಇವರ ಬೆನ್ನು ನೆಟ್ಟಗಾಯಿತು.

"ಲಿಮಿಟ್ ಎಲ್ಲಿಗೆ ಇಟ್ಟಿದ್ದೀರಾ? ಜೋರು ಸದ್ದು ಬಂದ್ರೆ ಒಡೆಯಲ್ವಾ? ಉಳಿದಿರೋ ಕಿವೀನೂ ಸುಟ್ಟುಬಿಟ್ರೆ?"

"ಸುಡಲ್ಲ ಸರ್. ನಿಮ್ಮ ಕಿವಿ ಎಷ್ಟು ತಡೆಯುತ್ತೆ ಅಂತ ಅಳೆದೇ ಕೂರಿಸೋದು."

"ಹಾಗಾದ್ರೆ ತೀರಾ ಚಿಕ್ಕದು ಬೇಡಮ್ಮ. ಸ್ವಲ್ಪ ಬಲ ಇರೋದೇ ಕೊಡಿ. ಮೆಲ್ಲಗೆ ಇಟ್ಕೋತೀನಿ."

ಮುಖ ತಿರುಗಿಸಿಕೊಂಡೆ. ನಗುವೋ ಅಳುವೋ, ಆಸ್ಪತ್ರೆಯಲ್ಲಿ ಎರಡೂ ಸಲ್ಲದು.

ಜುಲೈ 27, ಭಾನುವಾರ

ಮಿಷನ್ ಬಂದ ಮೇಲೆ ಮನೆಯೆಲ್ಲ ತಪ್ಪಿತಸ್ಥ. ನಲ್ಲಿ ಯಾಕೆ ಹೀಗೆ ಕಿರುಚುತ್ತೆ, ಮಗಳು ಚಮಚ ಯಾಕೆ ಎಸೆಯುತ್ತಾಳೆ, ಈ ಪ್ಲಾಸ್ಟಿಕ್ ಚೀಲ ಯಾರು ತಂದದ್ದು. ಸಿಟ್ಟು ಬಂದರೆ ಕಳಚಿ ಜೇಬಿಗೆ. ಜೇಬಿನೊಳಗಿಂದ ಅದು ಕುಯ್ ಎನ್ನುತ್ತದೆ. "ಅಪ್ಪಾ, ನಿಮ್ಮ ಹೃದಯ ಸೀಟಿ ಹೊಡೀತಿದೆ" ಎನ್ನುತ್ತಾಳೆ ಮಗಳು.

ನಿನ್ನೆ ಅವಳನ್ನು ಕರೆದುಕೊಂಡು ಹಲ್ಲಿನ ಡಾಕ್ಟರ ಮನೆಗೆ ಹೋಗಿದ್ದರು. ಸದ್ದಳೆಯುವ ಮೈಕ್ ಇಟ್ಟು, ಅವಳ ಕಿವಿಯನ್ನೂ ಕೇಳಿ, ಎಲ್ಲ ಇಳಿಸಿ ಸರಿಮಾಡಿ ಬಂದರು. ಮುಚ್ಚಿಡದೆ ಹೇಳಿದರಂತೆ: "ತಪ್ಪು ನನ್ನದೇ ಡಾಕ್ಟ್ರೇ, ನನ್ನ ಕಿವಿ ಹಿಂದಿನ ಹಾಗಿಲ್ಲ." ಡಾಕ್ಟರ್ ಅಂದರಂತೆ: "ಅದಕ್ಕೇನು ಬಿಡಿ, ನಂಗೂ ಕನ್ನಡಕ ಇಲ್ದೆ ಹಲ್ಲು ಕಾಣಲ್ಲ. ಬಾಯಿ ಬಿಟ್ಕೊಂಡು ಕೂತಿರೋರಿಗೆ ಹೇಳೋಕ್ ಹೋಗಲ್ಲ ಅಷ್ಟೆ."

ಮನೆಗೆ ಬಂದವರು ಎರಡು ಸಲ ಅನ್ನ ಬಡಿಸಿಕೊಂಡರು.

ಆಗಸ್ಟ್ 3, ಭಾನುವಾರ. ಮಧ್ಯಾಹ್ನ

ದೊಡ್ಡ ಆಂಪ್ಲಿಫಯರ್ ಮನೆಗೆ ಬಂತು. ಹೊಸ ಟ್ವೀಟರುಗಳೂ ಬಂದವು. ಸ್ನಾನ ಆಯಿತು. ಗುಂಡಿಯನ್ನು ಕಾಲು ಭಾಗವೂ ತಿರುಗಿಸದೆ ಕವಿತೆ ಹಾಕಿದರು.

ಹಾಳೆ ತಿರುಗಿತು. ನನಗಂತೂ ಎದೆ ತುಂಬಿ ಬಂತು. ಇವರ ಮುಖ ನೋಡಿದೆ.

"ತಗಡಿನ ಹಾಗಿದೆ" ಎಂದರು, ಸಣ್ಣಗೆ. "ನೆನಪಲ್ಲಿ ಇದ್ದದ್ದೇ ಚೆನ್ನಾಗಿತ್ತು." ಆರಿಸಿ, ಮಿಷನ್ ಕಳಚದೆ ಸೋಫಾದಲ್ಲಿ ಪೇಪರ್ ಹಿಡಿದು ಕೂತರು. ಬಲವಂತ ಮಾಡಲಿಲ್ಲ ನಾನು. ಮಗಳು ಮೇಲೆ ನರ್ಸಮ್ಮನ ಜೊತೆ ಹರಟೆಯಲ್ಲಿದ್ದಾಳೆ. ನಾನು ಎಂದಿನ ಹಾಗೆ ಊಟದ ಮೇಜಿನಲ್ಲಿ, ಶಾಯಿ ಪೆನ್ನು ಹಿಡಿದು. ಬರೆಯುತ್ತಿದ್ದರೆ ಕರಡು ತಿದ್ದುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಇಷ್ಟು ವರ್ಷ ಹಾಗೇ ನಡೆದಿದೆ.

ಪೇಪರಿನ ಹಿಂದಿನಿಂದ ಈಗ ದನಿ ಬಂತು:

"ಏನ್ ಬರೀತಿದೀಯಾ?"

"ಕರಡು."

"ಸುಳ್ಳು. ಕರಡು ತಿದ್ದೋ ಸದ್ದು ನಿಂತು ನಿಂತು ಬರುತ್ತೆ. ಇದು ಓಡ್ತಿದೆ."

ಪೆನ್ನು ನಿಂತುಬಿಟ್ಟಿತು.

"ನೋಡು, ನಿಲ್ಲಿಸ್ದೆ ನೀನು" ಎಂದರು.

"ಕೇಳುತ್ತಾ ನಿಮಗೆ?"

"ಕರಕರ ಅಂತ. ಇಲಿ ಬಂದ ಹಾಗೆ. ಏನದು?"

"ಏನಿಲ್ಲ."

"ಏನಿಲ್ಲ ಅನ್ನೋದು ಇಷ್ಟುದ್ದ ಇರುತ್ತಾ?" ಪೇಪರ್ ತುಸು ಕೆಳಗಿಳಿಯಿತು. "ಓದು ಅನ್ನಲ್ಲ. ಬರಿ ನೀನು. ಸುಮ್ನೆ ಕೇಳ್ತಾ ಕೂರ್ತೀನಿ."

ಹಾಗಾಗಿ ಬರೆಯುತ್ತಿದ್ದೇನೆ. ಯಾರೂ ಓದದಿರಲೆಂದು ಬರೆಯುತ್ತಿದ್ದದ್ದು, ಈಗ ಒಬ್ಬರಿಗೆ ಕೇಳಲೆಂದು. ಏನು ಬರೆಯಬೇಕೆಂದು ತೋಚುತ್ತಿಲ್ಲ. ಬಿಸಿಲು ಮೇಜಿನ ಅಂಚಿಗೆ ಬಂದಿದೆ. ಮೇಲೆ ಮಗಳು ನಗುತ್ತಿದ್ದಾಳೆ. ಅಕ್ಷರಗಳನ್ನು ಸ್ವಲ್ಪ ಒತ್ತಿ ಬರೆಯುತ್ತಿದ್ದೇನೆ, ಬಹಳ ಅಲ್ಲ. ಪುಟದ ಕೊನೆಗೆ ಬಂದೆ. ಇನ್ನೊಂದೇ ಸಾಲು. ಅವರಿಗೂ ಗೊತ್ತಾಗಿದೆ ಅನ್ನಿಸುತ್ತದೆ, ಪೇಪರ್ ಪೂರ್ತಿ ಮಡಿಲಿಗಿಳಿಯಿತು. ಈ ಸಲ ಕಣ್ಣು ಮುಚ್ಚಿಲ್ಲ. ನನ್ನ ಕೈಯನ್ನೇ ನೋಡುತ್ತಾ, ಉಸಿರು ಬಿಗಿಹಿಡಿದು... ಇಗೋ, ಹಾಳೆ —