ಪಾಲಕ್ಕನ ಬೇವಿನಮರ

ಬೂದಿದಿಬ್ಬದ ಕಾವಲು,
ನಮ್ಮ ಕಾಲದ ಪಂಚಾಂಗದಂತೆ ಎರಡನೇ ಕಾರ್ತಿಕದ ಮೂವತ್ತೆಂಟನೇ ದಿನ, ಹುಲ್ಲುಗಾವಲಿಗೆ ಸರ್ಕಾರದ ರಕ್ಷಣೆ ಸಿಕ್ಕ ಇನ್ನೂರನೆಯ ವರ್ಷ.

ಮುತ್ತಾತ ಗಾದ್ರಪ್ಪನವರಿಗೆ, ನಿಮ್ಮ ಮಗನ ವಂಶದವಳಾದ, ಈ ಹುಲ್ಲುಗಾವಲು ಕಾಯುವ ಓಬಳಮ್ಮನ ನಮಸ್ಕಾರಗಳು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಮಾತು ಎಲ್ಲಾದರೂ ಅಡ್ಡಾದಿಡ್ಡಿಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ನಿಮ್ಮ ಕೈಗೆ ಹೇಗೆ ಬಂತೆಂದು ಕೇಳಬೇಡಿ, ನನಗೂ ಪೂರ್ತಿ ಗೊತ್ತಿಲ್ಲ.

ನಿಮ್ಮ ಲೆಕ್ಕದಲ್ಲಿ ಮೊನ್ನೆ ನಿಮ್ಮ ಕೂಸು ಪಾಲಕ್ಕ ತೀರಿಕೊಂಡಿತು. ನಾಳೆ ನೀವು ಅವಳ ಹೆಸರಿನಲ್ಲಿ ಬೂದಿದಿಬ್ಬದ ಪಕ್ಕ ಬೇವಿನ ಸಸಿ ನೆಡುತ್ತೀರಿ. ಅದನ್ನು ನೋಡಿ ಊರವರೂ ನೆಟ್ಟರು, ಹುಟ್ಟಿದವರಿಗೊಂದು, ಸತ್ತವರಿಗೊಂದು. ಅವನ್ನು ನಾವು ಹೆಸರುಮರ ಎನ್ನುತ್ತೇವೆ, ಅಂದರೆ ಕಾನೂನಿನಲ್ಲಿ ಮನುಷ್ಯರ ಲೆಕ್ಕಕ್ಕೆ ಸೇರಿದ ಮರ. ಬೆಳಿಗ್ಗೆ ಜನ ಬಂದು ನೀರು ಹೊಯ್ದು, ಮನೆಯ ಸುದ್ದಿಯನ್ನೆಲ್ಲ ಹೇಳಿ, ಹಬ್ಬವಾದರೆ ಬುಡದಲ್ಲಿ ಹೋಳಿಗೆಯ ಚೂರು ಇಟ್ಟು ಹೋಗುತ್ತಾರೆ. ಯಾರದೂ ಕೆಟ್ಟ ಮನಸ್ಸಲ್ಲ.

ಆದರೆ ನೆರಳಿನಲ್ಲಿ ಹುಲ್ಲು ಸತ್ತಿತು. ಹುಲ್ಲಿನ ಹಿಂದೆಯೇ ಮೊಲ, ಲಾವಕ್ಕಿ, ತೋಳ ಹೋದವು. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ಸಗಣಿ ಸುಟ್ಟು ಸುಟ್ಟು ಎಬ್ಬಿಸಿದ ದಿಬ್ಬವನ್ನು ಬೇರುಗಳು ಸೀಳಿವೆ. ಅದರ ನೆತ್ತಿಯಲ್ಲಿ ಮಾತ್ರ ಒಂದಿಷ್ಟು ಹುಲ್ಲಿದೆ. ಕಣ್ಣು ದೂರ ಹಾಯದಿದ್ದರೆ ಕೃಷ್ಣಮೃಗ ಬದುಕುವುದಿಲ್ಲ. ಉಳಿದಿರುವ ಒಂದು ಗಂಡು, ಎರಡು ಹೆಣ್ಣು ದಿನವಿಡೀ ಅಲ್ಲೇ ನಿಂತಿರುತ್ತವೆ. ಹೋದ ವರ್ಷದ ಮರಿಯನ್ನು ಮರಗಳ ಮರೆಯಿಂದ ಬಂದ ನಾಯಿಗಳು ತಿಂದವು. ನನಗೆ ಅಳು ಬರಲಿಲ್ಲ. ಈಗೀಗ ಯಾವುದಕ್ಕೂ ಬರುವುದಿಲ್ಲ. ಮೂಳೆಗಳನ್ನು ಆಯ್ದು ಹೂತು, ಮನೆಗೆ ಬಂದು ಮುದ್ದೆ ಉಂಡೆ. ಈಗ ಒಂದು ಹೆಣ್ಣು ಮತ್ತೆ ಗಬ್ಬವಾಗಿದೆ.

ಮರ ಕಡಿಯಲು ಅನುಮತಿ ಕೇಳಿ ಕಚೇರಿಗೆ ಅಲೆದು ಚಪ್ಪಲಿ ಸವೆದವು. ಅಲ್ಲಿ ಕೂರುವ ಹೆಂಗಸು ಒಳ್ಳೆಯವಳೇ. "ಮೊದಲ್ನೇ ಮರ ನೆಟ್ಟೋರ ಒಪ್ಪಿಗೆ ತಗಂಬಾರವ್ವ. ಅವ್ರು ಹ್ಞೂಂ ಅಂದ್ರೆ ಉಳಿದವ್ಕೂ ಅದೇ ಸಾಕು" ಎಂದಳು. ಅವರು ಸತ್ತು ಎಷ್ಟೋ ಕಾಲವಾಯಿತಲ್ಲ ಎಂದೆ. "ಸತ್ತಿದ್ರೆ ಬ್ಯಾಡ ಅಂತ ಕಾನೂನಾಗೆ ಬರ್ದಿಲ್ಲ" ಎಂದಳು. ಅದಕ್ಕೇ ಈ ಪತ್ರ.

ನೆಡಬೇಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕೂಸು ಕಳೆದುಕೊಂಡವರ ಕೈಯಿಂದ ಸಸಿಯನ್ನು ಕಿತ್ತುಕೊಳ್ಳಲಾರೆ. ನೆಡಿ. ಮುಂದೊಂದು ದಿನ ನಾನು ಅದನ್ನು ಕಡಿಯಲು ನಿಮ್ಮ ಒಪ್ಪಿಗೆ ಇದ್ದರೆ, ಪಾಲಕ್ಕನ ಕೈಯಲ್ಲಿದ್ದ ಗಾಜಿನ ಕರಿಬಳೆಯೊಂದನ್ನು ಗುಂಡಿಗೆ ಹಾಕಿ ನೆಡಿ. ಗಾಜು ಕೊಳೆಯುವುದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಬಳೆ ನಿಮ್ಮ ಹತ್ತಿರವೇ ಇರಲಿ, ನನಗೆ ಬೇಜಾರಿಲ್ಲ.

ನಾಳೆ ಬೇವಿನ ಬುಡ ಅಗೆಯುತ್ತೇನೆ. ಬಳೆ ಸಿಕ್ಕರೆ ಕೊಡಲಿ ತರುತ್ತೇನೆ. ಸಿಗದಿದ್ದರೆ ಮಣ್ಣು ಮುಚ್ಚಿ, ಪಾಲಕ್ಕನಿಗೆ ಒಂದು ಕೊಡ ನೀರು ಹೊಯ್ದು ಬರುತ್ತೇನೆ.

ಓಬಳಮ್ಮ