ಟ್ಯಾಂಕಿನ ಮೇಲೆ ಉಳಿದವನು

ಮಾರ್ಚ್ 4, ಸಂಜೆ

ಆತ್ಮಸಾಕ್ಷಿಯ ಮುಂದೆ ಕೈಮುಗಿದು ಒಪ್ಪಿಕೊಳ್ಳುತ್ತೇನೆ: ಇಂದು ಐದೂ ಇಪ್ಪತ್ತಕ್ಕೆ, ಪುಸ್ತಕದಂಗಡಿಯ ಮುಂದಿನ ಮೇಜಿನಿಂದ, ತೂಕ ಇಳಿಸುವ ಬಗೆಗಿನ ದಪ್ಪ ಗ್ರಂಥವೊಂದನ್ನು ಕೆಳಗಿನ ಕಪಾಟಿಗೆ ಗಡೀಪಾರು ಮಾಡಿದೆ. ಆ ಜಾಗದಲ್ಲಿ ನನ್ನ ಕಾದಂಬರಿಯ ಪ್ರತಿಷ್ಠಾಪನೆ. ಈ ವಾರ ಮೂರನೇ ಸಲ. ಅಭ್ಯಾಸಬಲ.

ಮಾರ್ಚ್ 6

ಪ್ರಕಾಶಕರ ಫೋನ್. ಹೆಸರಿಗೆ ಪ್ರಕಾಶಕರು, ದನಿಯಲ್ಲಿ ಬರೀ ಕತ್ತಲೆ.

"ಎಂಟು ತಿಂಗಳಾಯ್ತು ಸಾರ್, ನಿಮ್ಮ ಬಂಡಲ್ ಬಿಚ್ಚೇ ಇಲ್ಲ. ಅದು ಖಾಲಿಯಾಗೋವರೆಗೂ ನಿಮ್ಮ ಎರಡನೇ ಕಾದಂಬರಿ ನನ್ನ ಡ್ರಾಯರಿನಲ್ಲೇ. ಎಲ್ಲಾದ್ರೂ ನಾಲ್ಕು ಜನರ ಮುಂದೆ ನಿಂತು ಮಾತಾಡಿ."

"ನಾನು ಬರೆಯೋನು ಸ್ವಾಮಿ, ಮಾರೋನಲ್ಲ."

"ಹಾಗಾದ್ರೆ ಬಂದು ಎರಡನೇದನ್ನ ವಾಪಸ್ ತಗೊಂಡು ಹೋಗಿ."

ನಾಲ್ಕು ವರ್ಷದ ಬೆವರು ಆ ಡ್ರಾಯರಿನಲ್ಲಿ. ಬೀಗದ ಕೈ ಅವರ ಜೇಬಿನಲ್ಲಿ.

ಮಾರ್ಚ್ 7

ಭಾಮೈದನ ಫೋನ್. "ಭಾವ, ಒಂದೇ ಉಸಿರಿಗೆ ಓದಿ ಮುಗಿಸಿದೆ! ಸೂಪರ್!" ನನ್ನ ಹೆಂಡತಿಯಂತೂ ಎರಡು ಸಲ ಓದಿದ್ದಾಳಂತೆ. ಇಂಥವರಿರುವಾಗ ಪ್ರಚಾರವೆಂಬ ಅಪಚಾರ ಏಕೆ?

"ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ," ಎಂದಳು. "ಆದ್ರೆ ಹೆಗ್ಗಣಾನೂ ಹೊರಗೆ ಕರ್ಕೊಂಡು ಹೋದ್ರೆ ತಾನೇ ರೀ ಊರಿಗೆ ಗೊತ್ತಾಗೋದು?"

ಮಾರ್ಚ್ 9

ಸಿಕ್ಕಿಬಿದ್ದೆ. ನಾಲ್ಕನೇ ಗಡೀಪಾರು ನಡೆಯುವಾಗ ಬೆನ್ನ ಹಿಂದೆ ಅಂಗಡಿಯವರು.

"ಸಾರ್... ಕ್ಯಾಮೆರಾ ಇದೆ."

ತೂಕದ ಪುಸ್ತಕ ಬರೆದಾಕೆ ವಾರವಾರ ಬಂದು ಜನರ ಜೊತೆ ಮಾತಾಡುತ್ತಾರಂತೆ, ಅದಕ್ಕೇ ಆ ಜಾಗವಂತೆ. "ಶನಿವಾರ ನೀವೂ ನಿಂತ್ಕೊಳ್ಳಿ. ಇಲ್ದಿದ್ರೆ ಈ ವಿಡಿಯೊ ನಿಮ್ಮ ಪ್ರಕಾಶಕರಿಗೆ."

ಒಪ್ಪಿದೆ. ಒಪ್ಪದೆ ಇನ್ನೇನು? ತಯಾರಿಗೆ ನನ್ನ ಪುಸ್ತಕದ ಪ್ರತಿ ಕೊಡಲೇ ಎಂದರು. "ಅಕ್ಷರಾಕ್ಷರ ಬಾಯಿಪಾಠ!" ಎಂದು ಎದೆ ತಟ್ಟಿ ಬಂದೆ.

ಮಾರ್ಚ್ 14, ಶನಿವಾರ

ಹನ್ನೊಂದು ಜನ. ಕಥಾನಾಯಕನನ್ನು ಪರಿಚಯಿಸಿದೆ — ಗಡಿಯಾರ ರಿಪೇರಿಯವನು, ಮದುವೆಗೆ ಹೆದರಿ ನೀರಿನ ಟ್ಯಾಂಕ್ ಹತ್ತುತ್ತಾನೆ, ಏಣಿ ಬೀಳುತ್ತದೆ. ನಕ್ಕರು. ನಿಜವಾಗಿ ನಕ್ಕರು! ಎಂಟು ತಿಂಗಳು ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೆನೋ.

ಆಗ ಎದ್ದರು, ಟೈಲರ್ ಅಂಗಡಿಯ ಹೆಂಗಸು. ಕೊರಳಲ್ಲಿ ಅಳತೆ ಟೇಪು. ಕೈಯಲ್ಲಿ ನನ್ನ ಪುಸ್ತಕ, ಮೂಲೆಗಳು ಸವೆದದ್ದು, ಗುರುತಿಗೆ ಕೆಂಪು ದಾರ.

"ಎಂಟು ತಿಂಗಳಿಂದ ಕಾಯ್ತಿದೀನಿ ಸಾರ್. ನೀವು ಎಲ್ಲೂ ಮುಖಾನೇ ತೋರ್ಸಲ್ಲ, ಯಾರನ್ನ ಕೇಳ್ಲಿ? ನೂರಾ ಹನ್ನೆರಡನೇ ಪುಟದಲ್ಲಿ ಏಣಿ ಬೀಳುತ್ತೆ. ತಿರುಗಿಸಿದ್ರೆ ಮತ್ತೆ ತೊಂಬತ್ತೇಳು! ಅದೇ ಹದಿನಾರು ಪುಟ ಇನ್ನೊಂದ್ಸಲ. ಆಮೇಲೆ ನೇರ ನೂರಾ ಇಪ್ಪತ್ತೊಂಬತ್ತು, ಅವನಿಗೆ ಮದ್ವೇನೇ ಆಗ್ಬಿಟ್ಟಿದೆ. ಮೊದ್ಲು ಇದು ನಿಮ್ಮ ಸ್ಟೈಲ್ ಇರ್ಬೇಕು ಅಂದ್ಕೊಂಡೆ. ಕೆಳಗೆ ಇಳಿದಿದ್ದು ಹೇಗೆ ಸಾರ್?"

ಅಂಗಡಿಯವರು ರಾಶಿಯಿಂದ ಒಂದು ತೆರೆದರು. ಇನ್ನೊಂದು. ಅದರಲ್ಲೂ ಹಾಗೇ. ನನ್ನ ಮುಖ ನೋಡಿದರು.

"ಅದನ್ನ... ಮುಂದಿನ ಶನಿವಾರ ಹೇಳ್ತೀನಿ," ಎಂದೆ.

ಚಪ್ಪಾಳೆ! ಬೇಕೆಂದೇ ಹಾಗೆ ಮುದ್ರಿಸಿದ ಉಪಾಯ ಎಂದುಕೊಂಡರು. ಎಲ್ಲರೂ ಒಂದೊಂದು ಪ್ರತಿ ಕೊಂಡರು. ಆಕೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. "ಖಂಡಿತ ಹೇಳ್ಬೇಕು," ಎಂದರು.

ಮಾರ್ಚ್ 15

ಮಂಚದಡಿಯ ಪ್ರತಿಗಳನ್ನೆಲ್ಲ ಬಿಚ್ಚಿದೆ. ಎಲ್ಲದರದೂ ಒಂದೇ ರಾಗ: ನೂರಾ ಹದಿಮೂರರಿಂದ ನೂರಾ ಇಪ್ಪತ್ತೆಂಟರವರೆಗೆ ಮಾಯ.

"ಎರಡು ಸಲ ಓದಿದೆ ಅಂದ್ಯಲ್ಲೇ?"

"ಹೂಂ ರೀ, ಮೊದಲ ನಲವತ್ತು ಪುಟ."

ಭಾಮೈದ ಫೋನ್ ಎತ್ತುತ್ತಿಲ್ಲ. ಉಸಿರು ಅಷ್ಟು ಚಿಕ್ಕದು, ಪಾಪ.

ಮಾರ್ಚ್ 17

ಪ್ರಕಾಶಕರಿಗೆ ಇದ್ದಕ್ಕಿದ್ದಂತೆ ಬೆಳಕು ಬಂದಿದೆ. "ಅಂಗಡಿಯವರು ಇನ್ನೂ ಐವತ್ತು ಕೇಳಿದಾರೆ! ಶನಿವಾರ ನಾನೂ ಬರ್ತೀನಿ ಸಾರ್!"

ಅಚ್ಚಿನ ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಪ್ರತಿಗಳಷ್ಟೂ ರದ್ದಿಗೆ, ಎರಡನೆಯದು ನನ್ನ ಕೈಗೆ. ಹೇಳದಿದ್ದರೆ ಕೆಂಪು ದಾರದಾಕೆ ಬಿಡುವುದಿಲ್ಲ. ಮೊದಲ ಕಾದಂಬರಿಯ ಹಸ್ತಪ್ರತಿಯೂ ಪ್ರಕಾಶಕರ ಬಳಿಯೇ ಇದೆ. ಕೇಳಿದರೆ, ಯಾಕೆ ಎನ್ನುತ್ತಾರೆ.

ಮಾರ್ಚ್ 20, ಶುಕ್ರವಾರ ಸಂಜೆ

ನಾಳೆ. ಪ್ರೂಫಿನ ಕೊನೆಯ ಹಾಳೆಗೆ ಮಾತ್ರ ಸಹಿ ಹಾಕಿದವನು ನಾನು. ಅಚ್ಚಾದ ಮೇಲೆ ಹೊದಿಕೆ ಸವರಿದ್ದೇ ಸವರಿದ್ದು, ಒಳಗೆ ಇಣುಕಿದವನಲ್ಲ. ಇರಲಿ. ಅಕ್ಷರಾಕ್ಷರ ಬಾಯಿಪಾಠ ತಾನೇ? ಕಣ್ಣು ಮುಚ್ಚಿ ಕೂತೆ. ಟ್ಯಾಂಕ್ ಕಾಣುತ್ತಿದೆ. ಬಿದ್ದ ಏಣಿ ಕಾಣುತ್ತಿದೆ. ಅವನೂ ಕಾಣುತ್ತಿದ್ದಾನೆ, ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಾನೆ. ಅವನು ಇಳಿದದ್ದು ಹೇಗೆಂದು... ಈ ಪುಟಕ್ಕಾದರೂ ನಿಜ ಹೇಳಿಬಿಡುತ್ತೇನೆ — ನನಗೂ ಗೊತ್ತಿಲ್ಲ.