ಗೊತ್ತಿಲ್ಲದವಳ ಹೆಸರಿಗೆ

ಮಾರ್ಚ್ ೩, ಸೋಮವಾರ

ಏಳನೇ ತರಗತಿಯ ಪೇಪರುಗಳನ್ನು ತಿದ್ದುತ್ತಿದ್ದೆ. ಇವರು ಬಂದು ಬೇರೆ ಕಾಗದ ಮುಂದಿಟ್ಟರು. ಸೈನ್ ಮಾಡಿದೆ. ಮಾವನ ಹಳೆಯ ಫ್ಯಾಕ್ಟರಿ ಜಾಗ ಇನ್ನು ನನ್ನದು.

ನಲ್ಲಿಗಳಿಗೆ ಹೊಳೆಯುವ ಲೋಹದ ಪ್ಲೇಟಿಂಗ್ ಹಾಕುತ್ತಿದ್ದ ಫ್ಯಾಕ್ಟರಿ. ಮುಚ್ಚಿ ಎಷ್ಟೋ ವರ್ಷ. ಅಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಈಗ ಸರ್ಕಾರದ ಹೊಸ ಸ್ಕೀಮು — ಕೆಟ್ಟ ಜಾಗವನ್ನು ಶುಚಿ ಮಾಡಿ ಮನೆ ಕಟ್ಟಿದರೆ ಅರ್ಧ ಖರ್ಚು ಅವರದು, ತೆರಿಗೆಯಲ್ಲೂ ರಿಯಾಯಿತಿ. ಆದರೆ ಕೆಡಿಸಿದವರಿಗಿಲ್ಲ, ಅವರ ಮನೆಯವರಿಗಿಲ್ಲ, ಗೊತ್ತಿದ್ದೂ ಕೊಂಡವರಿಗಿಲ್ಲ. ಅದಕ್ಕೇ ಕಾಗದದಲ್ಲಿ ಮಾವ ಇವರ ಗೆಳೆಯನಿಗೆ ಮಾರಿದ ಹಾಗೆ, ಗೆಳೆಯನಿಂದ ನಾನು ತವರಿನ ಹೆಸರಿನಲ್ಲಿ ಕೊಂಡ ಹಾಗೆ.

ಮಾವ ಇದ್ದಕ್ಕಿದ್ದಂತೆ ಹೇಳಿದರು, "ಹಿಂದಿನ ಶೆಡ್ಡಿನ ಕೆಳಗೆ ಒಂದು ಗುಂಡಿ ಇದೆಯಮ್ಮ. ಪ್ಲೇಟಿಂಗಿನ ಆ ಹಳದಿ ನೀರನ್ನೆಲ್ಲ ಅದಕ್ಕೇ ಬಿಡ್ತಿದ್ದೆ. ಆಮೇಲೆ ಕಾಂಕ್ರೀಟ್ ಹಾಕಿ ಮುಚ್ಚಿಬಿಟ್ಟೆ."

"ಅಪ್ಪಾ, ಅವಳ ಹತ್ರ ಯಾಕೆ ಹೇಳ್ತೀರಿ?" ಎಂದರು ಇವರು. "ಏನೂ ಗೊತ್ತಿಲ್ಲದವಳು ಅಂತಲೇ ಅವಳ ಹೆಸರಿಗೆ ಮಾಡಿರೋದು."

ನಕ್ಕೆ. ಯಾಕೆ ನಕ್ಕೆನೋ.

ಮಾರ್ಚ್ ೧೯

ಸ್ಕೂಲಿನಿಂದ ಬರುವಾಗ ಇಸ್ತ್ರಿ ಅಕ್ಕ ಕರೆದರು. ಫ್ಯಾಕ್ಟರಿ ಗೋಡೆಗೆ ಅಂಟಿಕೊಂಡೇ ಅವರ ಅಂಗಡಿ, ಅದರ ಹಿಂದೆ ಮನೆ, ಬಾವಿ. ಬಾವಿಯ ನೀರು ಹಳದಿಯಾದಾಗ ಹಲಗೆ ಹಾಕಿ ಮುಚ್ಚಿದ್ದರು. ಅಂದಿನಿಂದ ನೀರು ಹೊತ್ತೂ ಹೊತ್ತೂ ಅವರ ಸೊಂಟ ಬಿದ್ದುಹೋಗಿದೆ.

"ಮಾವ ಕೆಡಿಸಿದ್ದನ್ನ ಸೊಸೆ ಸರಿ ಮಾಡ್ತಿದ್ದಾಳೆ ಅಂತ ಎಲ್ಲರ ಹತ್ರಾನೂ ಹೇಳ್ತೀನಿ ಟೀಚರ್. ಅಂಥಾ ಮನೇಲಿ ನೀವೊಬ್ಬರು."

"ಹಾಗೇನಿಲ್ಲ ಅಕ್ಕ..."

"ಸುಮ್ನಿರಿ. ನಿಮ್ಮ ಯಜಮಾನರ ಶರ್ಟಿಗೆ ಇಸ್ತ್ರಿ ಹಾಕೋಳು ನಾನು. ಕಾಲರ್ ನೋಡಿದ್ರೇ ಗೊತ್ತಾಗುತ್ತೆ, ಮನೇಲಿ ತಲೆ ಯಾರು ಅಂತ."

ಇಸ್ತ್ರಿಯ ದುಡ್ಡೂ ಬೇಡವೆಂದರು. ಒತ್ತಾಯ ಮಾಡಿ ಕೊಟ್ಟೆ. ದಾರಿಯುದ್ದಕ್ಕೂ ಕಿವಿ ಬಿಸಿ.

ಏಪ್ರಿಲ್ ೮

ಸರ್ಕಾರಿ ಎಂಜಿನಿಯರ್ ಮೇಡಂ ಜಾಗ ನೋಡಲು ಬಂದಿದ್ದರು. ಚಿಕ್ಕ ವಯಸ್ಸು. ಬೂಟಿನ ತುಂಬ ಮಣ್ಣು. ಅಲ್ಲಲ್ಲಿ ಕೊರೆಸಿ ಮಣ್ಣು ತೆಗೆಸಿದರು. ಹಿಂದಿನ ಶೆಡ್ಡಿನ ಕಾಂಕ್ರೀಟಿನ ಮೇಲೆ ನಿಂತೇ ಕೇಳಿದರು, "ಮೇಡಂ, ಕೊಳೆ ನೀರನ್ನ ಎಲ್ಲಿಗೆ ಬಿಡ್ತಿದ್ರು, ನಿಮಗೇನಾದ್ರೂ ಗೊತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನನ್ನ ಕಣ್ಣು ನೆಲಕ್ಕೇ ಹೋಯಿತು. ಅವರು ಗಮನಿಸಲಿಲ್ಲ.

"ನನಗೇನೂ ಗೊತ್ತಿಲ್ಲ."

ಬರೆದುಕೊಂಡರು. ಥ್ಯಾಂಕ್ಸ್ ಅಂದರು.

ಏಪ್ರಿಲ್ ೯

ಕ್ಲಾಸಿನಲ್ಲಿ ಒಬ್ಬಳು ಸುಳ್ಳು ಹೇಳಿ ಸಿಕ್ಕಿಬಿದ್ದಳು. ಬೈಯಬೇಕಿತ್ತು. ಕೂತ್ಕೋ ಎಂದೆ, ಅಷ್ಟೇ.

ಜುಲೈ ೧೨, ಶನಿವಾರ

ತಿಂಗಳುಗಟ್ಟಲೆ ಇಲ್ಲಿ ಏನೂ ಬರೆದಿಲ್ಲ. ಬರೆಯುವಂಥದ್ದೇನಿತ್ತು?

ಲಾರಿಗಳು ಬಂದು ಮುಂಭಾಗದ ಮಣ್ಣನ್ನೆಲ್ಲ ಹೊತ್ತುಕೊಂಡು ಹೋದವು. ಹೊಸ ಮಣ್ಣು ಬಿತ್ತು. ಗೇಟಿಗೆ ಬೋರ್ಡು — ಈ ಜಾಗವನ್ನು ಶುಚಿಗೊಳಿಸಲಾಗಿದೆ. ಇವರು ಖುಷಿಯಲ್ಲಿ ಆಕಾಶದಲ್ಲೇ ತೇಲುತ್ತಿದ್ದಾರೆ. ಹಿಂದಿನ ಶೆಡ್ಡಿನ ನೆಲವನ್ನು ಯಾರೂ ಮುಟ್ಟಲಿಲ್ಲ. ಗುಂಡಿ ಸಿಕ್ಕರೆ ತೋಡಿದ್ದು ಯಾರು ಎಂಬ ಮಾತು ಬರುತ್ತದಲ್ಲ.

ಸಂಜೆ ಆ ದಾರಿಯಲ್ಲಿ ಬಂದೆ. ಬೋರ್ಡು ನಂಬಿ ಅಕ್ಕ ಬಾವಿಯ ಹಲಗೆ ತೆಗೆಸಿದ್ದಾರೆ. ಇಬ್ಬರು ಒಳಗಿಳಿದು ಕೆಸರು ಎತ್ತುತ್ತಿದ್ದರು. ತಲೆ ತಗ್ಗಿಸಿ ಎದುರಿನ ಫುಟ್‌ಪಾತಿಗೆ ದಾಟಿಬಿಟ್ಟೆ.

ಜುಲೈ ೧೫

ಬಾಗಿಲು ತೆರೆದರೆ ಅಕ್ಕ. ಕೈಯಲ್ಲಿ ಲೋಟ, ಮೇಲೊಂದು ತಟ್ಟೆ ಮುಚ್ಚಿತ್ತು.

"ನಮ್ಮ ಬಾವೀದು. ನೋಡಿ, ಎಷ್ಟು ತಿಳಿಯಾಗಿದೆ. ನಿನ್ನೆಯಿಂದ ಮನೇಲೆಲ್ಲ ಇದನ್ನೇ ಕುಡೀತಿದೀವಿ. ನಿಮಗೆ ಕೊಡದೆ ಇದ್ರೆ ಹೇಗೆ?"

ತೆಗೆದುಕೊಂಡೆ. ತುಟಿಯ ತನಕ ತಂದೆ. ಅವರು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು.

"ಅಕ್ಕ, ಕುಡೀಬೇಡಿ. ಇನ್ನು ಯಾರೂ ಕುಡೀಬೇಡಿ."

"ಯಾಕೆ?"

ಗುಂಡಿಯ ವಿಷಯ ಹೇಳಿದೆ. ಅರ್ಧ ಹೇಳುವಷ್ಟರಲ್ಲೇ ಲೋಟ ಕಿತ್ತುಕೊಂಡು ಹೊರಟರು. ಓಡಲು ಬಾರದ ಸೊಂಟ. ಆದರೂ ಓಡಿದರು.

ಅದೇ ದಿನ, ಸಂಜೆ

ವಿಷಯ ಗೊತ್ತಾದಾಗ ಇವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಒಂದು ಮಾತು ನುಂಗಿಕೊಳ್ಳೋಕೆ ಆಗ್ಲಿಲ್ವಾ ನಿನಗೆ?" ಎಂದರು.

ಮಾವ ಕುರ್ಚಿಯಿಂದ ಏಳದೆ ಹೇಳಿದರು, "ಅವಳಿಗೆ ಹೇಳಿದ್ದು ನಾನು. ಒಬ್ಬನಿಗೇ ಹೊರೋಕೆ ಆಗ್ತಿರ್ಲಿಲ್ಲ ಕಣೋ." ಆಮೇಲೆ ನನ್ನ ಕಡೆ ತಿರುಗಿ, "ಆ ಎಂಜಿನಿಯರ್ ನಂಬರಿಗೆ ಫೋನ್ ಮಾಡಿಕೊಡಮ್ಮ. ಜಾಗ ನಾನೇ ತೋರಿಸ್ತೀನಿ."

ಆಗಸ್ಟ್ ೨೪, ಭಾನುವಾರ

ಸ್ಕೀಮು ರದ್ದು. ಕೊಟ್ಟದ್ದನ್ನೆಲ್ಲ ವಾಪಸ್ ಕೇಳಿದ್ದಾರೆ. ಕೇಸೂ ಆಗಬಹುದು. ಇವರು ಊಟವನ್ನೂ ತಾವೇ ಬಡಿಸಿಕೊಳ್ಳುತ್ತಾರೆ. ಗುಂಡಿ ಒಡೆದಾಗ ಮಾವ ಅಲ್ಲೇ ನಿಂತಿದ್ದರು. ಮನೆಗೆ ಬಂದವರು ಎರಡು ದಿನ ಮಂಚದಿಂದ ಇಳಿಯಲಿಲ್ಲ.

ಅಕ್ಕನ ಮನೆಯವರಿಗೆಲ್ಲ ರಕ್ತ ಪರೀಕ್ಷೆ ಆಯಿತು. ಸದ್ಯಕ್ಕೆ ಏನೂ ಇಲ್ಲವಂತೆ. ಬಾವಿಗೆ ಮತ್ತೆ ಹಲಗೆ.

ಸ್ಕೂಲಿನಲ್ಲಿ ಹೆಡ್‌ಮೇಡಂ ಎಲ್ಲರ ಮುಂದೆ ನನ್ನ ಧೈರ್ಯ ಹೊಗಳಿದರು. ಚಪ್ಪಾಳೆ ಬೇರೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಇವತ್ತು ಧೈರ್ಯ ಮಾಡಿ ಅಕ್ಕನ ಅಂಗಡಿಗೆ ಹೋದೆ. ಕೂರಲು ಹೇಳಲಿಲ್ಲ. ಒಂದು ಸೀರೆಯ ಇಸ್ತ್ರಿ ಪೂರ್ತಿ ಮುಗಿಸಿ, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕೇಳಿದರು.

"ಬಾವಿ ತೊಳೆಸ್ತಿದ್ದ ದಿನ ನೀವು ಈ ದಾರೀಲಿ ಹೋದ್ರಿ. ನಾನು ನೋಡಿದೆ. ನೀವು ನಮ್ಮನ್ನ ನೋಡಿದ್ರಾ?"

ಹೌದು ಎನ್ನಲೆಂದೇ ಬಾಯಿ ತೆರೆದೆ.

"ಇಲ್ಲ ಅಕ್ಕ, ಗಮನಿಸಲಿಲ್ಲ."

"ಹೂಂ" ಎಂದು ಇನ್ನೊಂದು ಸೀರೆ ಹಾಸಿಕೊಂಡರು. ನಂಬಲಿಲ್ಲ. ನಂಬಿದವರ ಹಾಗೆ ಮಾಡಿದರು, ನನಗೋಸ್ಕರ.

ನಾಳೆ ಸ್ಕೂಲಿಗೆ ಹೋಗುವ ಮುಂಚೆಯೇ ಹೋಗಿ ಹೇಳಬೇಕು, ನೋಡಿದ್ದೆ ಅಕ್ಕ, ನೋಡಿಯೇ ರಸ್ತೆ ದಾಟಿದೆ ಎಂದು. ಇಲ್ಲಿ ಬರೆಯುವುದು ಸುಲಭ. ಅಲ್ಲಿ ಅವರ ಮುಖ ಕಂಡರೆ ನನ್ನ ಬಾಯಲ್ಲಿ ಮತ್ತೆ —